ಕೆಟ್ಟ ಅಪ್‌ಡೇಟ್ ಕಳಿಸಿದವರೇ ಅದನ್ನು ಸರಿಪಡಿಸಲಿ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಮಾನ್ಯರೇ,

ಐಒಎಸ್ 18 ಹಾಕಿಕೊಂಡ ಮೇಲೆ ಐಫೋನ್ ಸರಿಯಾಗಿ ನಡೆಯುತ್ತಿಲ್ಲ ಎಂಬ ದೂರುಗಳು ಬಂದಾಗ ತಾವು ಆಪಲ್ ಕಂಪನಿಗೆ ನೋಟಿಸ್ ಕೊಟ್ಟಿರಿ. ಸಚಿವ ಪ್ರಲ್ಹಾದ ಜೋಶಿಯವರು 2025ರ ಜನವರಿಯಲ್ಲಿ ಅದನ್ನು ಬಹಿರಂಗವಾಗಿಯೇ ತಿಳಿಸಿದರು. ವಸ್ತು ಮಾರಿಯಾದ ಮೇಲೂ ದೂರದಿಂದ ಕಳಿಸುವ ತಂತ್ರಾಂಶಕ್ಕೆ ಕಂಪನಿ ಉತ್ತರ ಕೊಡಬೇಕು ಎಂಬ ಮಾತಿಗೆ ಅಲ್ಲಿಂದ ಒಂದು ನೆಲೆ ಸಿಕ್ಕಿತು. ಅದೇ ಅಳತೆಗೋಲನ್ನು ವಿಂಡೋಸ್ ಕಂಪ್ಯೂಟರ್‌ಗಳಿಗೂ ಹಿಡಿಯಿರಿ ಎಂದು ಕೇಳುವುದಕ್ಕೆ ಈ ಪತ್ರ.

ಇದನ್ನು ಬರೆಯುತ್ತಿರುವ ನಾವು ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವರು, ಶಾಲೆಗಳ ಲ್ಯಾಬ್ ನೋಡಿಕೊಳ್ಳುವವರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಕರ್ನಾಟಕದ ಎಷ್ಟೋ ಮನೆಗಳಿಗೆ, ಟ್ಯೂಷನ್ ಸೆಂಟರ್‌ಗಳಿಗೆ, ಜೆರಾಕ್ಸ್ ಅಂಗಡಿಗಳಿಗೆ ಕಂಪ್ಯೂಟರ್ ಎಲ್ಲಿಂದ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಐಟಿ ಕಂಪನಿಗಳು ಬಳಸಿ ಬಿಟ್ಟ ನಾಲ್ಕನೇ ಅಥವಾ ಆರನೇ ತಲೆಮಾರಿನ ಇಂಟೆಲ್ ಐ5, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ರ‍್ಯಾಮ್ 8 ಜಿಬಿಗೆ ಏರಿಸಿ, ಹಾರ್ಡ್‌ಡಿಸ್ಕ್ ತೆಗೆದು 256 ಜಿಬಿಯ ಸಾಟಾ ಎಸ್‌ಎಸ್‌ಡಿ ಕೂರಿಸಿದರೆ ಇನ್ನೂ ಐದಾರು ವರ್ಷ ಟ್ಯಾಲಿ, ಬ್ರೌಸರ್, ಆನ್‌ಲೈನ್ ಅರ್ಜಿ ಎಲ್ಲವನ್ನೂ ಎಳೆದುಕೊಂಡು ಹೋಗುವ ಯಂತ್ರಗಳಿವು. ಇವು ಸವೆದು ಸಾಯುವುದು ಕಡಿಮೆ. ಮಾರನೆಯ ಬೆಳಿಗ್ಗೆ ಆನ್ ಮಾಡಿದಾಗ ಅಪ್‌ಡೇಟ್‌ನಲ್ಲಿ ಸಿಕ್ಕಿಕೊಂಡು ಬೂಟ್ ಆಗದೆ ನಿಂತಿರುವುದೇ ಹೆಚ್ಚು.

ಭದ್ರತಾ ಅಪ್‌ಡೇಟ್ ಬೇಡ ಎನ್ನುವವರು ನಾವಲ್ಲ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದಾಗ ಅದಕ್ಕೆ ಮದ್ದು ಮಾರ್ಚ್‌ನಲ್ಲೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಎಷ್ಟೋ ಯಂತ್ರಗಳ ಕಡತಗಳಿಗೆ ಬೀಗ ಬಿತ್ತು. ಹಾಗಾಗಿ ಅಪ್‌ಡೇಟ್ ಆಫ್ ಮಾಡಿಕೊಡಿ ಎಂದು ಗಿರಾಕಿಗಳು ಕೇಳಿದಾಗ ನಾವು ಬೇಡವೆಂದೇ ಹೇಳುತ್ತೇವೆ. ಆದರೆ ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಅಪ್‌ಡೇಟನ್ನು ಹೆಚ್ಚೆಂದರೆ 35 ದಿನ ಮುಂದೂಡಬಹುದು, ಆಮೇಲೆ ಹಾಕಿಕೊಳ್ಳಲೇಬೇಕು. ಹೀಗೆ ಕಡ್ಡಾಯವಾಗಿ ಒಳಗೆ ನುಗ್ಗುವ ವಸ್ತು ಕೆಟ್ಟಾಗ ಸರಿಪಡಿಸುವ ಕೆಲಸ ಮಾತ್ರ ಬಳಕೆದಾರನ ತಲೆಗೆ ಬರುತ್ತದೆ. ನಮ್ಮ ತಕರಾರು ಇದೊಂದೇ.

ಇದು ಎಲ್ಲಿಯವರೆಗೆ ಹೋಗಿದೆ ಎಂಬುದಕ್ಕೆ 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಬಂದ ಕೆಬಿ5034441 ಎಂಬ ಸಂಖ್ಯೆಯ ಅಪ್‌ಡೇಟ್ ಸಾಕ್ಷಿ. ಡಿಸ್ಕ್‌ನ ಗೂಢಲಿಪೀಕರಣವಾದ ಬಿಟ್‌ಲಾಕರ್ ಅನ್ನು ದಾಟಿ ಒಳಗೆ ಹೋಗುವ ಒಂದು ದೋಷವನ್ನು ಅದು ಮುಚ್ಚಬೇಕಿತ್ತು. ದೋಷ ಇದ್ದದ್ದು ರಿಕವರಿ ವ್ಯವಸ್ಥೆಯಲ್ಲಿ, ಅಂದರೆ ವಿಂಡೋಸ್ ಎದ್ದೇಳದಿದ್ದಾಗ ಬರುವ ನೀಲಿ ರಿಪೇರಿ ಪರದೆಯಲ್ಲಿ. ಅದು ಡಿಸ್ಕ್‌ನ ಒಂದು ಸಣ್ಣ ಪ್ರತ್ಯೇಕ ಪಾರ್ಟಿಷನ್‌ನಲ್ಲಿ, ಅಂದರೆ ವಿಭಾಗದಲ್ಲಿ, ಇರುತ್ತದೆ. ಹೊಸ ಕಡತ ಕೂರಲು ಆ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಜಾಗ ಬೇಕು. ಆದರೆ ಆ ಪಾರ್ಟಿಷನ್ ಮಾಡಿದ್ದು ಮೈಕ್ರೋಸಾಫ್ಟ್‌ನ ಇನ್‌ಸ್ಟಾಲರ್ರೇ, ಮಾಡಿದ್ದು ಸುಮಾರು 500 ಎಂಬಿ ಆಸುಪಾಸಿನ ಗಾತ್ರದಲ್ಲಿ, ಅದರಲ್ಲಿ ಬಹುಪಾಲು ಮೊದಲೇ ತುಂಬಿರುತ್ತದೆ. ಜಾಗ ಸಾಲದಾಗ ಅಪ್‌ಡೇಟ್ ಸೋಲುತ್ತದೆ, ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ಸೋಲುತ್ತದೆ. ಪರದೆಯ ಮೇಲೆ ಬರುತ್ತಿದ್ದದ್ದು 0ಎಕ್ಸ್80070643 ಎಂಬ ಸಂಖ್ಯೆ. ‘ಇನ್‌ಸ್ಟಾಲ್ ವಿಫಲ’ ಎಂಬುದಷ್ಟೇ ಅದರ ಅರ್ಥ. ಜಾಗ ಸಾಲದು ಎಂದು ಹೇಳುವ ಬೇರೆ ಕೋಡ್ ಬರಬೇಕಿತ್ತು, ತಪ್ಪು ಕೋಡ್ ಬರುತ್ತಿದೆ ಎಂದು ಕಂಪನಿಯೇ ಒಪ್ಪಿಕೊಂಡಿತು. ರಿಕವರಿ ಪಾರ್ಟಿಷನ್ನೇ ಇಲ್ಲದ, ಈ ಅಪ್‌ಡೇಟಿನ ಅಗತ್ಯವೇ ಇಲ್ಲದ ಯಂತ್ರಗಳಲ್ಲೂ ಅದು ಬಂದು ಸೋಲುತ್ತಿತ್ತು.

ಮನೆಯಲ್ಲಿ ಬಳಸುವವರಿಗೆ ಆಗ ಸೂಚಿಸಿದ ಪರಿಹಾರವನ್ನು ದಯವಿಟ್ಟು ಒಮ್ಮೆ ಪೂರ್ತಿ ಓದಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು. ರಿಏಜೆಂಟ್‌ಸಿ ಎಂಬ ಆದೇಶದಿಂದ ರಿಕವರಿ ಯಾವ ಡಿಸ್ಕ್‌ನ ಎಷ್ಟನೇ ಪಾರ್ಟಿಷನ್‌ನಲ್ಲಿದೆ ಎಂದು ನೋಡಿ ಬರೆದಿಟ್ಟುಕೊಂಡು, ಅದೇ ಆದೇಶದಿಂದ ರಿಕವರಿಯನ್ನು ನಿಲ್ಲಿಸಬೇಕು. ಡಿಸ್ಕ್‌ನ ವಿಭಾಗಗಳನ್ನು ಬದಲಿಸುವ ಡಿಸ್ಕ್‌ಪಾರ್ಟ್ ತೆರೆದು, ಡಿಸ್ಕ್ ಆರಿಸಿ, ವಿಂಡೋಸ್ ಇರುವ ಪಾರ್ಟಿಷನ್ ಆರಿಸಿ, ಅದನ್ನು 250 ಎಂಬಿಯಷ್ಟು ಕುಗ್ಗಿಸಬೇಕು. ಆಮೇಲೆ ರಿಕವರಿ ಪಾರ್ಟಿಷನ್ ಆರಿಸಿ, ‘ಓವರ್‌ರೈಡ್’ ಸೇರಿಸಿ ಅಳಿಸಬೇಕು. ಡಿಸ್ಕ್‌ನ ವಿಭಾಗಗಳ ಪಟ್ಟಿ ಹೊಸ ಬಗೆಯ ಜಿಪಿಟಿಯೋ ಹಳೆಯ ಬಗೆಯ ಎಂಬಿಆರೋ ನೋಡಿಕೊಳ್ಳಬೇಕು. ಜಿಪಿಟಿ ಆದರೆ 32 ಅಕ್ಷರ-ಅಂಕಿಗಳ ಒಂದು ಗುರುತು ಕೊಟ್ಟು ಹೊಸ ಪಾರ್ಟಿಷನ್ ಮಾಡಿ, ಮೇಲೆ ಹದಿನಾರು ಅಂಕಿಯ ಇನ್ನೊಂದು ಲಕ್ಷಣ ಸೇರಿಸಬೇಕು. ಎಂಬಿಆರ್ ಆದರೆ ಗುರುತು 27. ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿ, ಹೊರಬಂದು, ರಿಕವರಿಯನ್ನು ಮತ್ತೆ ಚಾಲೂ ಮಾಡಿ, ಆದದ್ದು ನಿಜವೇ ಎಂದು ಪರೀಕ್ಷಿಸಬೇಕು.

ಇದರಲ್ಲಿ ‘ಪಾರ್ಟಿಷನ್ 4’ ಎನ್ನುವ ಬದಲು ‘ಪಾರ್ಟಿಷನ್ 3’ ಎಂದು ಹೊಡೆದು ಓವರ್‌ರೈಡ್ ಕೊಟ್ಟರೆ, ಅದರಲ್ಲಿ ಡಿ ಡ್ರೈವ್ ಇದ್ದರೆ ಅದು ಇಡಿಯಾಗಿ ಹೋಗುತ್ತದೆ. ಡಿಸ್ಕ್‌ಪಾರ್ಟ್ ‘ಖಚಿತವೇ?’ ಎಂದು ಕೇಳುವುದಿಲ್ಲ. ಇನ್ನೊಂದು ತೊಡಕಿದೆ: ಕೆಲವು ವರ್ಷಗಳ ಹಿಂದಿನ ಇನ್‌ಸ್ಟಾಲರ್‌ಗಳು ರಿಕವರಿ ಪಾರ್ಟಿಷನ್ನನ್ನು ಸಿ ಡ್ರೈವ್‌ಗಿಂತ ಮುಂಚೆ ಇಡುತ್ತಿದ್ದವು. ಸಿ ಡ್ರೈವ್ ಕುಗ್ಗಿದಾಗ ಜಾಗ ಬಿಡುಗಡೆಯಾಗುವುದು ಅದರ ಕೊನೆಯಲ್ಲಿ. ರಿಕವರಿ ಇರುವುದು ಆರಂಭದಲ್ಲಿ. ಎರಡೂ ಒಂದಕ್ಕೊಂದು ತಾಗುವುದೇ ಇಲ್ಲ. ಹಳೆಯ ಯಂತ್ರಗಳಲ್ಲಿ ಈ ವಿನ್ಯಾಸ ಸಾಮಾನ್ಯ. ಸ್ವಯಂಚಾಲಿತ ಪರಿಹಾರ ಬರಬಹುದೆಂದು ಜನ ತಿಂಗಳುಗಟ್ಟಲೆ ಕಾದರು. 2024ರ ಏಪ್ರಿಲ್ ಕೊನೆಯಲ್ಲಿ, ಮುಂದಿನ ಅಪ್‌ಡೇಟ್‌ಗಳಲ್ಲಿ ಅಂಥ ಪರಿಹಾರ ಬರುವುದಿಲ್ಲ, ಕೈಯಾರೆ ಮಾಡಿಕೊಳ್ಳಿ ಎಂದು ಕಂಪನಿ ಹೇಳಿ ಮುಗಿಸಿತು. ಜೆರಾಕ್ಸ್ ಅಂಗಡಿಯವರು ಡಿಸ್ಕ್‌ನ ವಿನ್ಯಾಸ ಬದಲಿಸುವ ಆದೇಶಗಳನ್ನು ಟೈಪ್ ಮಾಡಬೇಕೆಂದು ಯಾವ ಗ್ರಾಹಕ ಕಾನೂನು ಒಪ್ಪುತ್ತದೆ?

ಇದಕ್ಕೂ ಹಿಂದೆ, 2018ರ ಜನವರಿಯಲ್ಲಿ, ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳಿಗೆ ತರಾತುರಿಯಲ್ಲಿ ಬಂದ ಕೆಬಿ4056892 ಅಪ್‌ಡೇಟ್ ಎಎಂಡಿ ಕಂಪನಿಯ ಅಥ್ಲಾನ್ ಪ್ರೊಸೆಸರ್ ಕಾಲದ ಹಳೆಯ ಯಂತ್ರಗಳನ್ನು ವಿಂಡೋಸ್ ಲಾಂಛನದಲ್ಲೇ ನಿಲ್ಲಿಸಿಬಿಟ್ಟಿತು. ಕೆಲವೇ ದಿನಗಳಲ್ಲಿ ಅಂಥ ಯಂತ್ರಗಳಿಗೆ ಅದನ್ನು ತಡೆಹಿಡಿದರು. ಕೊಟ್ಟ ಕಾರಣ: ಕೆಲವು ಎಎಂಡಿ ಚಿಪ್‌ಸೆಟ್‌ಗಳು ತಮಗೆ ಕೊಟ್ಟಿದ್ದ ದಾಖಲೆಯಂತೆ ನಡೆದುಕೊಳ್ಳುತ್ತಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹತ್ತು ವರ್ಷದಿಂದ ಮಾರುಕಟ್ಟೆಯಲ್ಲಿದ್ದ ಚಿಪ್ಪನ್ನು ಒಂದು ಮೇಜಿನ ಮೇಲೆ ಇಟ್ಟು ಅಪ್‌ಡೇಟ್ ಓಡಿಸಿ ನೋಡಿದ್ದರೆ ದಾಖಲೆ ಓದುವ ಅಗತ್ಯವೇ ಇರುತ್ತಿರಲಿಲ್ಲ.

2024ರ ಆಗಸ್ಟ್ 13ರದ್ದು ಇನ್ನೊಂದು ಬಗೆ. ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯನ್ನೂ ಹಾಕಿಕೊಂಡವರ ಕಂಪ್ಯೂಟರ್‌ಗಳಲ್ಲಿ ಲಿನಕ್ಸನ್ನು ಎಬ್ಬಿಸುವ ಹಳೆಯ ಬೂಟ್‌ಲೋಡರ್‌ಗಳನ್ನು ನಿಷೇಧಿಸುವ ಪಟ್ಟಿಯೊಂದನ್ನು ಆ ತಿಂಗಳ ಅಪ್‌ಡೇಟ್ ಫರ್ಮ್‌ವೇರ್‌ಗೆ, ಅಂದರೆ ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶಕ್ಕೆ, ಬರೆಯಿತು. ಎರಡು ವ್ಯವಸ್ಥೆ ಇರುವ ಯಂತ್ರಗಳಿಗೆ ಇದು ಅನ್ವಯವಾಗುವುದಿಲ್ಲ ಎಂದೇ ಹೇಳಿದ್ದರು, ಆದರೆ ಅಂಥ ಯಂತ್ರವನ್ನು ಗುರುತಿಸುವ ಪರೀಕ್ಷೆಯೇ ಹಲವು ಕಡೆ ಕೈಕೊಟ್ಟಿತು. ‘ಸೆಕ್ಯುರಿಟಿ ಪಾಲಿಸಿ ವಯಲೇಷನ್’ ಎಂದು ಹೇಳಿ ಲಿನಕ್ಸ್ ಬೂಟ್ ಆಗದೆ ಯಂತ್ರ ಆಫ್ ಆಗುತ್ತಿತ್ತು. ಬಯೋಸ್‌ಗೆ (ಫರ್ಮ್‌ವೇರ್‌ನ ಸೆಟ್ಟಿಂಗ್ ಪರದೆಗೆ) ಹೋಗಿ, ಸಹಿ ಇರುವ ಬೂಟ್‌ಲೋಡರನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ ಮೊಕ್‌ಯುಟಿಲ್ ಆದೇಶದಿಂದ ಆ ಪಟ್ಟಿಯನ್ನು ಅಳಿಸಿ, ರೀಬೂಟ್ ಮಾಡಿ, ಮತ್ತೆ ಸೆಕ್ಯೂರ್ ಬೂಟ್ ಆನ್ ಮಾಡಬೇಕಿತ್ತು. ವಿಂಡೋಸ್ ಕಡೆ ಬಿಟ್‌ಲಾಕರ್ ಇದ್ದರೆ ಈ ಆಫ್-ಆನ್ ನಡುವೆ 48 ಅಂಕಿಯ ರಿಕವರಿ ಕೀ ಕೇಳುವ ಸಂಭವ ಬೇರೆ.

ವಿಂಡೋಸ್ 10ಕ್ಕೆ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ. ಎಲ್ಲರೂ 11ಕ್ಕೆ ಬನ್ನಿ ಎಂದು ಕರೆದ ಅದೇ ದಿನ ವಿಂಡೋಸ್ 11ಕ್ಕೆ ಬಂದ ಕೆಬಿ5066835 ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್ ಎರಡನ್ನೂ ಕೆಲಸ ಮಾಡದಂತೆ ಮಾಡಿತು. ವಿಂಡೋಸ್ ಒಳಗೆ ಎಲ್ಲ ಸರಿ. ವಿಂಡೋಸ್ ಏಳದಿದ್ದಾಗ ಮಾತ್ರ ಕೈಕಾಲು ಇಲ್ಲ. ಅಕ್ಟೋಬರ್ 20ಕ್ಕೆ ತುರ್ತು ತಿದ್ದುಪಡಿ ಬಂತು. ಆ ಆರು ದಿನ ಪಾರಾಗಿದ್ದವರಲ್ಲಿ ಹಳೆಯ ದುಂಡು ಪಿನ್ನಿನ ಪಿಎಸ್2 ಕೀಬೋರ್ಡ್ ಇದ್ದವರೂ ಸೇರಿದ್ದರು ಎಂಬುದು ತಮಾಷೆಯ ಸಂಗತಿ.

ಸುದ್ದಿಯಾಗುವ ಇಂಥ ಪ್ರಕರಣಗಳಿಗಿಂತ ದಿನನಿತ್ಯದ ಸಾವುಗಳು ಜಾಸ್ತಿ, ಅವುಗಳ ಕಾರಣ ಸಾದಾ. ನಿಮಿಷಕ್ಕೆ 5400 ಸುತ್ತಿನ ಹಾರ್ಡ್‌ಡಿಸ್ಕ್ ಇರುವ, 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ತಿಂಗಳ ಅಪ್‌ಡೇಟ್ ಬಿಚ್ಚಿ ಕೂರಿಸಲು ಗಂಟೆಗಳೇ ಹಿಡಿಯುತ್ತವೆ. ಸಾವಿರಾರು ಸಣ್ಣ ಕಡತಗಳನ್ನು ಓದಿ ಬರೆಯುವ ಕೆಲಸ ಅದು. ಡಿಸ್ಕ್ ಬಳಕೆ 100 ಶೇಕಡಾ ತೋರಿಸುತ್ತ ಕೂತಿರುತ್ತದೆ. 30 ಶೇಕಡಾದಲ್ಲಿ ಅರ್ಧ ಗಂಟೆ ನಿಂತರೆ ಕೆಟ್ಟಿತೆಂದು ಯಾರಾದರೂ ಪವರ್ ಬಟನ್ ಒತ್ತುತ್ತಾರೆ. ಇಲ್ಲವೇ ಕರೆಂಟ್ ಹೋಗುತ್ತದೆ. ಮುಂದಿನ ಬಾರಿ ಯಂತ್ರ ಅರ್ಧ ಹಳೆಯ, ಅರ್ಧ ಹೊಸ ಕಡತಗಳ ಮೇಲೆ ಏಳಲು ಹೋಗಿ ಸುತ್ತು ಹೊಡೆಯುತ್ತದೆ.

ಈ ಸ್ಥಿತಿಗೆ ಹೊಸ ಇನ್‌ಸ್ಟಾಲ್ ಬೇಕಿಲ್ಲ. ಓದುಗರಿಗೂ ಉಪಯೋಗವಾಗಲಿ ಎಂದು ಬರೆಯುತ್ತೇವೆ. ಲಾಂಛನ ಬಂದ ತಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುವುದನ್ನು ಎರಡು ಮೂರು ಬಾರಿ ಮಾಡಿದರೆ ರಿಕವರಿ ಪರದೆ ತಾನಾಗಿ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಒಳಗೆ ಹೋಗಿ ಮೊದಲು ‘ಕ್ವಾಲಿಟಿ ಅಪ್‌ಡೇಟ್’ ತೆಗೆಯಿರಿ. ಅದು ಒಪ್ಪದಿದ್ದರೆ ಅಲ್ಲಿಯ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಲ್ಲಿ ವಿಂಡೋಸ್ ಇರುವ ಡ್ರೈವ್‌ನ ಅಕ್ಷರ ಬದಲಾಗಿರಬಹುದು, ಸಿ ಇದ್ದದ್ದು ಡಿ ಆಗಿರುತ್ತದೆ. ‘ಡಿರ್’ ಕೊಟ್ಟು ‘ವಿಂಡೋಸ್’ ಫೋಲ್ಡರ್ ಎಲ್ಲಿದೆ ನೋಡಿ. ಆ ಡ್ರೈವನ್ನು ಇಮೇಜ್ ಎಂದು ಸೂಚಿಸಿ ಡಿಸ್ಮ್ ಆದೇಶಕ್ಕೆ ‘ಕ್ಲೀನಪ್-ಇಮೇಜ್’, ‘ರಿವರ್ಟ್‌ಪೆಂಡಿಂಗ್‌ಆಕ್ಷನ್ಸ್’ ಎಂಬೆರಡನ್ನು ಕೊಟ್ಟರೆ ಅರ್ಧಕ್ಕೆ ನಿಂತ ಕೆಲಸವನ್ನೆಲ್ಲ ವಾಪಸ್ ಮಾಡುತ್ತದೆ. ನಿಧಾನದ ಹಾರ್ಡ್‌ಡಿಸ್ಕ್‌ನಲ್ಲಿ ಇದಕ್ಕೂ ತುಂಬಾ ಹೊತ್ತು ಬೇಕು, ಮಧ್ಯೆ ಆಫ್ ಮಾಡಬೇಡಿ. ಇದು ಕಡೆಯ ಉಪಾಯ. ಬೂಟ್ ಆಗುತ್ತಿರುವ ಯಂತ್ರದಲ್ಲಿ ಇದನ್ನು ಓಡಿಸಬಾರದು. ಡಿಸ್ಕ್‌ಗೆ ಬಿಟ್‌ಲಾಕರ್ ಇದ್ದರೆ ಇದೆಲ್ಲಕ್ಕೂ ಮುಂಚೆ ಆ 48 ಅಂಕಿಯ ಕೀ ಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಿಗಬಹುದು. ಯಂತ್ರ ಸರಿಯಿದ್ದಾಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಮೇಲು.

ಹಾರ್ಡ್‌ಡಿಸ್ಕ್ ಬದಲು 32 ಜಿಬಿ ಇಎಂಎಂಸಿ ಮೆಮೊರಿ ಇರುವ ಅಗ್ಗದ ಲ್ಯಾಪ್‌ಟಾಪ್‌ಗಳದ್ದು ಬೇರೆಯೇ ಗೋಳು. ವಿಂಡೋಸ್ ಕೂತ ಮೇಲೆ ಅದರಲ್ಲಿ ಉಳಿಯುವುದು ಕೆಲವೇ ಜಿಬಿ. ಬೋರ್ಡಿಗೆ ಬೆಸೆದ ಮೆಮೊರಿ, ಬದಲಿಸುವಂತಿಲ್ಲ. ವರ್ಷದ ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದೆ ಸೋತು, ಯಂತ್ರ ಹಳೆಯ ಆವೃತ್ತಿಯಲ್ಲೇ ಉಳಿಯುತ್ತದೆ. ಖಾಲಿ ಪೆನ್‌ಡ್ರೈವ್ ಚುಚ್ಚಿ ಅದನ್ನು ತಾತ್ಕಾಲಿಕ ಜಾಗವಾಗಿ ಬಳಸುವ ದಾರಿ ಇದೆ, ಕೆಲವೊಮ್ಮೆ ಫಲಿಸುತ್ತದೆ.

ಈ ಸಣ್ಣ ಸೋಲೇ ಮುಂದೆ ದೊಡ್ಡದಾಗುತ್ತದೆ. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಇಎಸ್‌ಯು ಯೋಜನೆ ಮಾಡಿದ್ದಾರೆ. ಅದಕ್ಕೆ ಸೇರಲು ಯಂತ್ರ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2ರಲ್ಲಿ ಇರಲೇಬೇಕು. ಹಿಂದಿನ ಅಪ್‌ಡೇಟ್ ಕೆಟ್ಟು ಹಳೆಯ ಆವೃತ್ತಿಯಲ್ಲಿ ಸಿಕ್ಕಿಬಿದ್ದ ಯಂತ್ರಕ್ಕೆ ಪ್ರವೇಶವೇ ಇಲ್ಲ. ಕಂಪನಿಯ ಅಪ್‌ಡೇಟ್ ಕೂರಲಿಲ್ಲ ಎಂಬ ಕಾರಣಕ್ಕೆ ಕಂಪನಿಯ ರಕ್ಷಣೆಯೂ ಇಲ್ಲ ಎಂದಾಯಿತು. ಸೇರಲು ಸಾಧ್ಯವಿರುವ ಮನೆಬಳಕೆದಾರರಿಗೆ ಮೂರು ದಾರಿ: 30 ಡಾಲರ್ ಕೊಡುವುದು, 1000 ರಿವಾರ್ಡ್ಸ್ ಅಂಕ ಕೊಡುವುದು, ಇಲ್ಲವೇ ತಮ್ಮ ಸೆಟ್ಟಿಂಗ್‌ಗಳನ್ನು ವಿಂಡೋಸ್ ಬ್ಯಾಕಪ್ ಮೂಲಕ ಕಂಪನಿಯ ಕ್ಲೌಡ್‌ಗೆ ಕಳಿಸುವುದು. ಮೂರಕ್ಕೂ ಮೈಕ್ರೋಸಾಫ್ಟ್ ಖಾತೆ ಕಡ್ಡಾಯ. ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಪ್ರತಿ ವರ್ಷ ದುಪ್ಪಟ್ಟು. ಶಿಕ್ಷಣ ಸಂಸ್ಥೆಗಳಿಗೆ 1, 2, 4 ಡಾಲರ್. ಇದು ನ್ಯಾಯವಾದ ದರ ಎಂದು ಒಪ್ಪುತ್ತೇವೆ.

ಯುರೋಪಿನಲ್ಲಿ ಇದು ಹೀಗಿಲ್ಲ ಎಂಬುದನ್ನು ತಾವು ಮುಖ್ಯವಾಗಿ ಗಮನಿಸಬೇಕು. ಅಲ್ಲಿಯ ಯುರೋಕನ್ಸ್ಯೂಮರ್ಸ್ ಎಂಬ ಗ್ರಾಹಕ ಸಂಘಟನೆ ಪತ್ರ ಬರೆದು ಒತ್ತಾಯಿಸಿದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಯುರೋಪಿಯನ್ ಆರ್ಥಿಕ ವಲಯದ ಮನೆಬಳಕೆದಾರರಿಗೆ ಬ್ಯಾಕಪ್‌ನ ಷರತ್ತಿಲ್ಲದೆ ಉಚಿತವಾಗಿ ಕೊಡಲು ಒಪ್ಪಿತು. ಖಾತೆಯಿಂದ 60 ದಿನಕ್ಕೊಮ್ಮೆ ಲಾಗಿನ್ ಆದರೆ ಸಾಕು. ಅದೇ ಅಪ್‌ಡೇಟ್. ಬೆಲ್ಜಿಯಂನವರಿಗೆ ಬ್ಯಾಕಪ್ ಷರತ್ತಿಲ್ಲದೆ ಸಿಗುವುದು ಬೆಳಗಾವಿಯವರಿಗೆ ಸಿಗದಿರಲು ತಾಂತ್ರಿಕ ಕಾರಣ ಒಂದೂ ಇಲ್ಲ.

ವಿಂಡೋಸ್ 11ಕ್ಕೆ ಹೋಗಿ ಎನ್ನುವ ಸಲಹೆಯ ಒಳಗುಟ್ಟನ್ನೂ ಹೇಳಬೇಕು. ಗೂಢಲಿಪಿ ಕೀಗಳನ್ನು ಕಾಪಾಡುವ ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ್ದರಿಂದ ಹಳೆಯ ಯಂತ್ರ ಆಗುವುದಿಲ್ಲ ಎಂದು ಜನ ನಂಬಿದ್ದಾರೆ. ಆರನೇ, ಏಳನೇ ತಲೆಮಾರಿನ ಇಂಟೆಲ್‌ನ ಎಷ್ಟೋ ಯಂತ್ರಗಳಲ್ಲಿ ಬಯೋಸ್‌ಗೆ ಹೋಗಿ ಪಿಟಿಟಿ ಎಂಬ ಸೌಲಭ್ಯ ಆನ್ ಮಾಡಿದರೆ ಟಿಪಿಎಂ 2.0 ಬರುತ್ತದೆ. ಆದರೂ ಕಂಪನಿ ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿ ಎಂಟನೇ ತಲೆಮಾರಿನಿಂದ ಶುರು. ಏಳನೆಯದರಲ್ಲಿ ಒಳಗೆ ಬಿಟ್ಟ ಅಪರೂಪದ ಚಿಪ್‌ಗಳಲ್ಲಿ ಒಂದು ಐ7-7820ಎಚ್‌ಕ್ಯು. ಅದು ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಸ್ಟುಡಿಯೋ 2ರಲ್ಲಿತ್ತು. ಉಳಿದ ಹಳೆಯ ಯಂತ್ರಗಳಲ್ಲಿ ಈ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿ ಮಾರುವ ಅಂಗಡಿಗಳಿವೆ. ಕೊಳ್ಳುವವರು ಎಚ್ಚರವಾಗಿರಲಿ: 24ಎಚ್2 ಆವೃತ್ತಿಯಿಂದ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ4.2 ಎಂಬ ಸೂಚನೆಗಳನ್ನು ನಡೆಸುವ ಸಾಮರ್ಥ್ಯ ಇಲ್ಲದಿದ್ದರೆ ವಿಂಡೋಸ್ ಬೂಟ್ ಆಗುವುದೇ ಇಲ್ಲ. ಕೋರ್ 2 ಡುಯೋ, ಕೋರ್ 2 ಕ್ವಾಡ್ ಎರಡರಲ್ಲೂ ಅವಿಲ್ಲ. ಯಾವ ಉಪಾಯವೂ ನಡೆಯದು.

ಲಿನಕ್ಸ್ ಹಾಕಿಕೊಳ್ಳಬಹುದಲ್ಲ? ಶಾಲೆಗಳಿಗೆ ಖಂಡಿತ ಆಗುತ್ತದೆ, ಪಕ್ಕದ ಕೇರಳ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ನಡೆಸಿ ತೋರಿಸಿದೆ. ಆದರೆ ಹಳೆಯ ನುಡಿ ಫಾಂಟ್‌ಗಳಲ್ಲಿ ಪೇಜ್‌ಮೇಕರ್ ಕಡತ ಮಾಡಿಟ್ಟುಕೊಂಡ ಡಿಟಿಪಿ ಅಂಗಡಿಗೆ, ಡ್ರೈವರ್ ವಿಂಡೋಸ್‌ಗೆ ಮಾತ್ರ ಸಿಗುವ ಬೆರಳಚ್ಚು ಸ್ಕ್ಯಾನರ್ ಇಟ್ಟುಕೊಂಡವರಿಗೆ ಅದು ಉತ್ತರವಾಗದು.

ಇನ್ನೊಂದು ಗಡುವು ಎದುರಿಗಿದೆ. ಸೆಕ್ಯೂರ್ ಬೂಟ್‌ಗೆ ಆಧಾರವಾದ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. 2023ರ ಹೊಸವನ್ನು ಹೆಚ್ಚಾಗಿ ವಿಂಡೋಸ್ ಅಪ್‌ಡೇಟ್ ಮೂಲಕ ಫರ್ಮ್‌ವೇರ್‌ಗೆ ಬರೆಯಬೇಕು. ಅದರಲ್ಲಿ ಒಂದಕ್ಕೆ ಯಂತ್ರ ತಯಾರಿಸಿದ ಕಂಪನಿಯ ಸಹಿಯೂ ಬೇಕು; ಬಯೋಸ್ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಕಂಪನಿ ಆ ಸಹಿ ಕೊಡುತ್ತದೆಂಬ ಭರವಸೆ ಯಾರಿಗೂ ಇಲ್ಲ. ಹೊಸ ಪ್ರಮಾಣಪತ್ರ ಇಲ್ಲದ ಯಂತ್ರ ಬೂಟ್ ಆಗುತ್ತಲೇ ಇರುತ್ತದೆ, ಆದರೆ ಬೂಟ್ ಹಂತದ ಹೊಸ ರಕ್ಷಣೆಗಳು ಅದಕ್ಕೆ ಬರುವುದಿಲ್ಲ. ಫರ್ಮ್‌ವೇರ್ ಮುಟ್ಟುವ ಅಪ್‌ಡೇಟ್ ಹಳೆಯ ಯಂತ್ರಗಳಲ್ಲಿ ಹೇಗೆ ಎಡವುತ್ತದೆ ಎಂದು 2024ರ ಆಗಸ್ಟ್‌ನಲ್ಲಿ ನೋಡಿಯಾಗಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗುಣಮಟ್ಟದ ಯಾವುದೇ ಕೊರತೆಯನ್ನು ದೋಷ ಎಂದು ಕರೆಯುತ್ತದೆ, ಸೇವೆಯ ನ್ಯೂನತೆಯನ್ನೂ ಹೇಳುತ್ತದೆ, ಗ್ರಾಹಕರ ಒಂದು ಇಡೀ ವರ್ಗಕ್ಕೆ ತೊಂದರೆಯಾದಾಗ ತಾವೇ ಮುಂದಾಗಿ ತನಿಖೆ ಮಾಡುವ ಅಧಿಕಾರವನ್ನು ತಮಗೆ ಕೊಟ್ಟಿದೆ. ಒಬ್ಬೊಬ್ಬರೇ ಜಿಲ್ಲಾ ಆಯೋಗಕ್ಕೆ ಹೋಗಿ ಗೆಲ್ಲುವ ವಿಷಯ ಇದಲ್ಲ. ಅಪ್‌ಡೇಟ್ ಕೆಟ್ಟದ್ದಕ್ಕೆ ಸಾಕ್ಷಿಯಾದ ಲಾಗ್ ಕಡತಗಳು ಹೊಸ ಇನ್‌ಸ್ಟಾಲ್ ಮಾಡಿದ ಕೂಡಲೇ ಅಳಿಸಿಹೋಗಿರುತ್ತವೆ.

ಆದ್ದರಿಂದ ಕೇಳುತ್ತಿದ್ದೇವೆ. ಯುರೋಪಿಗೆ ಒಪ್ಪಿದ ಷರತ್ತುಗಳಲ್ಲೇ ಭಾರತದ ಮನೆಬಳಕೆದಾರರಿಗೂ ವಿಂಡೋಸ್ 10 ಭದ್ರತಾ ಅಪ್‌ಡೇಟ್ ಉಚಿತವಾಗಿ ಸಿಗುವಂತೆ ಕಂಪನಿಯನ್ನು ಕರೆಸಿ ಮಾತನಾಡಿ. ಮೊದಲು ಆಗಬೇಕಾದದ್ದು ಇದು, ಏಕೆಂದರೆ ಇದಕ್ಕೆ ಹೊಸ ತಂತ್ರಾಂಶ ಒಂದು ಸಾಲೂ ಬೇಕಿಲ್ಲ. ಹಿಂದಿನ ಆವೃತ್ತಿಯಲ್ಲಿ ಸಿಕ್ಕಿಕೊಂಡ ಯಂತ್ರಗಳನ್ನು ಅದರಿಂದ ಹೊರಗಿಡಬಾರದು. ಕಡ್ಡಾಯ ಅಪ್‌ಡೇಟ್ ಡೌನ್‌ಲೋಡ್‌ಗೆ ಮುಂಚೆಯೇ ಎಲ್ಲ ಪಾರ್ಟಿಷನ್‌ಗಳ ಜಾಗ, ಪ್ರೊಸೆಸರ್, ಬೂಟ್‌ಲೋಡರ್ ಪರೀಕ್ಷಿಸಿ, ಆಗುವುದಿಲ್ಲವಾದರೆ ಏನು ಸಾಲದು ಎಂದು ಕನ್ನಡವೂ ಸೇರಿ ಬಳಕೆದಾರರ ಭಾಷೆಯಲ್ಲಿ ಹೇಳಿ ಅಲ್ಲಿಗೇ ನಿಲ್ಲಬೇಕು. ಅಪ್‌ಡೇಟಿನದೇ ದೋಷದಿಂದ ಯಂತ್ರ ನಿಂತರೆ ಕಂಪನಿಯೇ ಪೆನ್‌ಡ್ರೈವ್‌ನಿಂದ ಓಡುವ ಒಂದು ಬಟನ್ನಿನ ಪರಿಹಾರ ಕೊಡಬೇಕು, ಡಿಸ್ಕ್‌ಪಾರ್ಟ್ ಆದೇಶಗಳ ಪುಟವನ್ನು ಪರಿಹಾರವೆಂದು ಕರೆಯುವಂತಿಲ್ಲ.

ಕೊನೆಯದು ತಮ್ಮ ಇಲಾಖೆಯ ಕೈಯಲ್ಲೇ ಇದೆ. ರಿಪೇರಿ ಸೂಚ್ಯಂಕದ ಚೌಕಟ್ಟಿನ ವರದಿ 2025ರ ಮೇ ತಿಂಗಳಲ್ಲಿ ಇಲಾಖೆಗೆ ಸಲ್ಲಿಕೆಯಾಗಿದೆ. ಅದನ್ನು ಕಂಪ್ಯೂಟರ್‌ಗಳಿಗೂ ವಿಸ್ತರಿಸಿ, ಭದ್ರತಾ ಅಪ್‌ಡೇಟ್ ಮತ್ತು ಬಯೋಸ್ ಅಪ್‌ಡೇಟ್ ಎಲ್ಲಿಯವರೆಗೆ ಸಿಗುತ್ತದೆ ಎಂಬ ದಿನಾಂಕವನ್ನು ಎಂಆರ್‌ಪಿ ಪಕ್ಕದಲ್ಲೇ ಮುದ್ರಿಸುವಂತೆ ಮಾಡಿ. ಸೆಕೆಂಡ್‌ಹ್ಯಾಂಡ್ ಯಂತ್ರ ಮಾರುವವರ ಬಿಲ್ಲಿನಲ್ಲೂ ಅದು ಇರಲಿ. ಮೊದಲ ಬಿಲ್ ನಾವೇ ಬರೆಯುತ್ತೇವೆ.

ಇಂತಿ,
ಹಳೆಯ ಕಂಪ್ಯೂಟರ್ ದುರಸ್ತಿ ಮತ್ತು ಶಾಲಾ ಲ್ಯಾಬ್ ನಿರ್ವಹಣೆಯಲ್ಲಿರುವವರು